ಹನ್ನೊಂದು ಮಂದಿಯಲ್ಲಿ ಇಬ್ಬರಿಗೆ ಮಾತ್ರ ತಂತ್ರಾಂಶ ಓಡಿತು: ಮೊದಲ ಪುಟವನ್ನು ಹೇಗೆ ಬರೆಯಬೇಕು?

ತೊಗರಿ ಕಣಜ, ಕಲಬುರಗಿ

ನಾವು ನಾಲ್ವರು ಗೆಳೆಯರು ಎರಡು ವರ್ಷದಿಂದ ಒಂದು ಮುಕ್ತ ತಂತ್ರಾಂಶವನ್ನು ಕಟ್ಟುತ್ತಿದ್ದೇವೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಅಕ್ಷರಶೈಲಿಗಳಲ್ಲಿ ಟೈಪು ಮಾಡಿಟ್ಟ ಕನ್ನಡ ಕಡತಗಳನ್ನು ಎಲ್ಲ ಗಣಕಗಳಲ್ಲೂ ಓದಲು ಬರುವ ಯೂನಿಕೋಡ್‌ಗೆ ಪರಿವರ್ತಿಸುವುದು ಅದರ ಕೆಲಸ. ನಮ್ಮ ಕಡೆಯ ಮಠಗಳ ತತ್ವಪದ ಸಂಗ್ರಹಗಳು, ಶಾಲೆಗಳ ಸ್ಮರಣ ಸಂಚಿಕೆಗಳು, ಸಂಘಗಳ ನಡಾವಳಿಗಳು ಇಂದಿಗೂ ಡಿಟಿಪಿ ಅಂಗಡಿಗಳ ಹಳೆಯ ಗಣಕಗಳಲ್ಲಿ ಆ ರೂಪದಲ್ಲೇ ಬಿದ್ದಿವೆ. ಆ ಅಕ್ಷರಶೈಲಿ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಮಾತ್ರ ಕಾಣುತ್ತದೆ. ಗಣಕಗಳು ಗುಜರಿಗೆ ಹೋಗುವ ಮುಂಚೆ ಇವನ್ನು ಉಳಿಸಿಕೊಳ್ಳಬೇಕು ಎಂಬ ತವಕದಿಂದ ಕೈಹಾಕಿದ ಕೆಲಸ ಇದು.

ಕಳೆದ ಭಾನುವಾರ ಕಲಬುರಗಿಯಲ್ಲಿ ಒಂದು ಕಮ್ಮಟ ಇಟ್ಟುಕೊಂಡಿದ್ದೆವು. ಆಳಂದ, ಜೇವರ್ಗಿ, ಸೇಡಂ, ಯಾದಗಿರಿ ಕಡೆಯಿಂದ 11 ಮಂದಿ ಬಂದಿದ್ದರು. ಹೆಚ್ಚಿನವರು ಪದವಿ ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು. ನಮ್ಮ ರೀಡ್‌ಮಿ (ತಂತ್ರಾಂಶದ ಪರಿಚಯ, ಬಳಸುವ ಬಗೆ ಹೇಳುವ ಮೊದಲ) ಪುಟವನ್ನು ಮುಂದಿಟ್ಟುಕೊಂಡು ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ತಂತ್ರಾಂಶ ಓಡಿಸಲು ಅರ್ಧ ಗಂಟೆ ಸಾಕು ಎಂದುಕೊಂಡಿದ್ದೆವು. ಮೂರು ಗಂಟೆಯಾದರೂ ಓಡಿದ್ದು ಇಬ್ಬರಿಗೆ ಮಾತ್ರ. ಆ ಇಬ್ಬರೂ ಪೈಥಾನ್ ಎಂಬ ಕೋಡ್ ಭಾಷೆಯನ್ನು ಮೊದಲೇ ಬಲ್ಲವರು. ಜೇವರ್ಗಿಯ ಒಬ್ಬ ಹುಡುಗ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ ‘ಸರ್, ಇದು ನನ್ನಂಥವರಿಗಲ್ಲ ಅನ್ನಿಸುತ್ತದೆ’ ಎಂದು ಹೇಳಿ ಹೋದ. ಆ ಮಾತು ನನ್ನನ್ನು ಬಿಟ್ಟಿಲ್ಲ. ಹುಡುಗ ಜಾಣ. ಎಡವಟ್ಟು ಇರುವುದು ನಮ್ಮ ಪುಟದಲ್ಲಿ.

ಆ ಪುಟ ಹೇಗಿದೆ ಎಂದರೆ, ಮೊದಲ ಮೂರು ಪರದೆಯಷ್ಟು ಅರ್ಕಾವೊತ್ತಿನ ವಿಚಾರವಿದೆ. ‘ಸೂರ್ಯ’ ಎಂದು ಬರೆಯುವಾಗ ಹಳೆಯ ಪದ್ಧತಿಯಲ್ಲಿ ‘ಯ’ ಮೊದಲು, ಅರ್ಕಾವೊತ್ತಿನ ಗುರುತು ಆಮೇಲೆ. ಯೂನಿಕೋಡ್‌ನಲ್ಲಿ ರ, ಅದರ ಹಿಂದೆ ಹಲಂತ, ಕೊನೆಗೆ ಯ. ಈ ಹಿಂದುಮುಂದನ್ನು ಸರಿಪಡಿಸಲು ನಾವು ಮಾಡಿದ ಉಪಾಯವನ್ನೆಲ್ಲ ಅಲ್ಲಿ ವಿವರಿಸಿದ್ದೇವೆ. ಆಮೇಲೆ ‘ಸ್ಥಾಪನೆ’ ಎಂಬ ತಲೆಬರಹ, ಅದರ ಕೆಳಗೆ ನಾಲ್ಕು ಆಜ್ಞೆಗಳು. ಅದಾದ ಮೇಲೆ ಎಲ್ಲ ಆಯ್ಕೆಗಳ ಕೋಷ್ಟಕ. ಬರೆದಾಗ ಬಹಳ ಚೆನ್ನಾಗಿದೆ ಎಂದೇ ನಂಬಿದ್ದೆ. ಇದನ್ನು ಮೊದಲಿನಿಂದ ಬರೆಯಬೇಕಾಗಿದೆ. ಅನುಭವ ಇರುವವರು ದಾರಿ ತೋರಿಸಿ.

ಬಿದರಿ ಉಳಿ, ಬೀದರ್

ಅಣ್ಣಾ, ನಾನು ತಂತ್ರಾಂಶ ಕಂಪನಿಯೊಂದರಲ್ಲಿ ಎಂಟು ವರ್ಷದಿಂದ ಕೈಪಿಡಿ ಬರೆಯುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪುಟವನ್ನು ಈಗಷ್ಟೇ ಓದಿದೆ. ಅರ್ಕಾವೊತ್ತಿನ ಭಾಗ ನಿಜಕ್ಕೂ ಸೊಗಸಾಗಿದೆ, ಅದನ್ನು ಅಳಿಸಬೇಡಿ. ಅದು ಇರುವ ಜಾಗ ಮಾತ್ರ ತಪ್ಪು.

ಡೇನಿಯೆಲೆ ಪ್ರೊಚಿಡಾ ಎಂಬವರು ತಂತ್ರಾಂಶದ ಬರವಣಿಗೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಆ ವಿಂಗಡಣೆಗೆ ಡಯಾಟಾಕ್ಸಿಸ್ ಎಂದು ಹೆಸರು. ಕೈಹಿಡಿದು ನಡೆಸುವ ಪಾಠ, ಒಂದು ನಿರ್ದಿಷ್ಟ ಕೆಲಸವನ್ನು ಮಾಡುವ ಬಗೆ, ಹುಡುಕಿ ನೋಡುವ ಆಕರ, ಏಕೆ ಹೀಗೆ ಎಂದು ತಿಳಿಸುವ ವಿವರಣೆ. ನಿಮ್ಮ ಅರ್ಕಾವೊತ್ತು ವಿವರಣೆಗೆ ಸೇರಿದ್ದು. ಆಯ್ಕೆಗಳ ಕೋಷ್ಟಕ ಆಕರಕ್ಕೆ ಸೇರಿದ್ದು. ಮೊದಲ ದಿನ ಬಂದವರಿಗೆ ಬೇಕಾದದ್ದು ಪಾಠ, ಅದೊಂದೇ ನಿಮ್ಮ ಪುಟದಲ್ಲಿ ಇಲ್ಲ. ಇರುವ ನಾಲ್ಕು ಆಜ್ಞೆಗಳು ಪಾಠವಲ್ಲ, ಗೊತ್ತಿರುವವರಿಗೆ ನೆನಪು ಮಾಡಿಕೊಡುವ ಚೀಟಿ.

ಪಾಠದಲ್ಲಿ ಓದುವವರು ಏನನ್ನೂ ಆಯ್ಕೆ ಮಾಡಬೇಕಾಗಬಾರದು. ‘ನಿಮ್ಮ ಕಡತವನ್ನು ತೆಗೆದುಕೊಳ್ಳಿ’ ಎಂದರೆ ಯಾವ ಕಡತ, ಎಲ್ಲಿದೆ, ಯಾವ ಅಕ್ಷರಶೈಲಿಯದು ಎಂಬ ಮೂರು ಪ್ರಶ್ನೆಗಳು ಒಂದೇ ಏಟಿಗೆ ಎದ್ದು ನಿಲ್ಲುತ್ತವೆ. ನೀವೇ ಐದು ಸಾಲಿನ ಒಂದು ಮಾದರಿ ಕಡತವನ್ನು ತಂತ್ರಾಂಶದ ಜೊತೆಗೇ ಕೊಡಿ. ಅದರಲ್ಲಿ ‘ಕರ್ನಾಟಕ’, ‘ಸೂರ್ಯ’ ಇರಲಿ. ಅರ್ಕಾವೊತ್ತು ಸರಿಯಾಗಿ ಕೂತದ್ದನ್ನು ಅವರು ಕಣ್ಣಾರೆ ನೋಡಲಿ. ವಿವರಣೆ ಓದುವ ಆಸೆ ಆಮೇಲೆ ತಾನಾಗಿ ಹುಟ್ಟುತ್ತದೆ.

ನಮ್ಮ ಓಣಿಯಲ್ಲಿ ಬಿದರಿ ಕೆಲಸದವರ ಮನೆಗಳಿವೆ. ಎರಕ ಹೊಯ್ದು ನಯ ಮಾಡಿದ ಹೂಜಿಗೆ ಅವರು ಮೊದಲು ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾಗುತ್ತದೆ, ಉಳಿಯಿಂದ ಗೀರಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆ ಕಪ್ಪು ಉಳಿಯುವುದಿಲ್ಲ. ಬೆಳ್ಳಿ ತಂತಿ ಕೂರಿಸಿದ ಮೇಲೆ ಉಜ್ಜಿ ತೆಗೆಯುತ್ತಾರೆ. ನಿಜವಾದ ಕಪ್ಪು ಕೊನೆಯಲ್ಲಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಬರುತ್ತದೆ. ಮೊದಲ ಪಾಠದ ಮಾದರಿ ಕಡತವೂ ಆ ಮೈಲುತುತ್ತದ ಕಪ್ಪಿನಂತೆ. ನಾಳೆ ಅದು ಯಾರಿಗೂ ಬೇಕಾಗುವುದಿಲ್ಲ, ಆದರೆ ಇವತ್ತು ಅದಿಲ್ಲದೆ ಗೆರೆಯೇ ಕಾಣುವುದಿಲ್ಲ.

ಭೀಮಾ ತೀರ, ಯಾದಗಿರಿ

ಸರ್, ಆ ಒಂಬತ್ತು ಮಂದಿಯಲ್ಲಿ ನಾನೂ ಒಬ್ಬಳು. ಬಿಎಸ್ಸಿ ಎರಡನೇ ವರ್ಷ. ಅಂದು ಹೇಳಲು ಸಂಕೋಚವಾಯಿತು, ಈಗ ಬರೆಯುತ್ತೇನೆ. ಎಲ್ಲಿ ಎಲ್ಲಿ ನಿಂತೆ ಎಂಬುದನ್ನು ಬಸ್ಸಿನಲ್ಲಿ ವಾಪಸು ಬರುವಾಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ಮೊದಲನೆಯದು, ‘ಟರ್ಮಿನಲ್ ತೆರೆಯಿರಿ’ ಎಂದಿತ್ತು. ನನ್ನದು ವಿಂಡೋಸ್. ಹುಡುಕಿದರೆ ಆಜ್ಞೆ ಟೈಪು ಮಾಡುವ ಕಿಟಕಿಗಳು ಎರಡು, ಕಮಾಂಡ್ ಪ್ರಾಂಪ್ಟ್ ಒಂದು, ಪವರ್‌ಶೆಲ್ ಒಂದು ಸಿಕ್ಕವು. ಯಾವುದು ಟರ್ಮಿನಲ್ ಎಂದು ತಿಳಿಯಲಿಲ್ಲ. ಪಕ್ಕದವಳು ಒಂದನ್ನು ತೆರೆದಳು, ನಾನು ಇನ್ನೊಂದನ್ನು ತೆರೆದೆ. ಇಬ್ಬರಿಗೂ ಬೇರೆ ಬೇರೆ ದೋಷ ಬಂತು.

ಎರಡನೆಯದು ಡಾಲರ್ ಚಿಹ್ನೆ. ಪ್ರತಿ ಆಜ್ಞೆಯ ಮುಂದೆ ನೀವು ಒಂದು ಡಾಲರ್ ಚಿಹ್ನೆ ಹಾಕಿದ್ದೀರಿ. ಅದನ್ನೂ ಸೇರಿಸಿ ಟೈಪು ಮಾಡಬೇಕು ಎಂದುಕೊಂಡೆ. ಬಂದ ಕೆಂಪು ಸಾಲುಗಳನ್ನು ನೋಡಿ ಲ್ಯಾಪ್‌ಟಾಪೇ ಕೆಟ್ಟಿತೇನೋ ಎಂದು ಹೆದರಿದೆ. ಅದು ಆಜ್ಞೆಯ ಭಾಗವಲ್ಲ, ‘ಇಲ್ಲಿ ಟೈಪು ಮಾಡಿ’ ಎಂದು ತೋರಿಸುವ ಗುರುತು ಎಂದು ನೀವು ಬಂದು ಹೇಳುವ ಹೊತ್ತಿಗೆ ಇಪ್ಪತ್ತು ನಿಮಿಷ ಹೋಗಿತ್ತು.

ಆಮೇಲೆ ‘ಪೈಥಾನ್’ ಎಂದು ಟೈಪು ಮಾಡಿದರೆ ಆ್ಯಪ್ ಅಂಗಡಿಯ ಪುಟ ತೆರೆದುಕೊಂಡಿತು. ಪೈಥಾನ್ ಹಾಕಿಕೊಂಡಿದ್ದೆ, ಸರ್. ಆದರೆ ಸ್ಥಾಪಿಸುವಾಗ ಮೊದಲ ಕಿಟಕಿಯ ತಳದಲ್ಲಿ ಪಾತ್‌ಗೆ (ಗಣಕ ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಲೇ ಎಂದು ಕೇಳುವ ಒಂದು ಸಣ್ಣ ಚೌಕ ಇರುತ್ತದೆಯಂತೆ, ಅದಕ್ಕೆ ಗುರುತು ಹಾಕಿರಲಿಲ್ಲ. ಅದನ್ನು ನಿಮ್ಮ ಪುಟ ಹೇಳಿರಲಿಲ್ಲ.

ಕೊನೆಯದು ನನಗೆ ಬಹಳ ಬೇಸರ ತಂದದ್ದು. ನನ್ನ ಪಕ್ಕದವಳು ಹೇಗೋ ಎಲ್ಲವನ್ನೂ ದಾಟಿ ಪರಿವರ್ತನೆ ಮಾಡಿದಳು. ಆಜ್ಞೆ ಕೊಡುವ ಕಪ್ಪು ಕಿಟಕಿಯಲ್ಲಿ ಬರೀ ಚೌಕ ಚೌಕ ಬಂತು. ಆಗಲಿಲ್ಲ ಎಂದು ಮುಚ್ಚಿಬಿಟ್ಟಳು. ಮನೆಗೆ ಹೋಗಿ ಫೋಲ್ಡರ್ ತೆರೆದು ನೋಡಿದರೆ ಪರಿವರ್ತನೆಯಾದ ಕಡತ ಅಲ್ಲೇ ಇತ್ತು. ನೋಟ್‌ಪ್ಯಾಡಿನಲ್ಲಿ ತೆರೆದಾಗ ಕನ್ನಡ ಅಚ್ಚುಕಟ್ಟಾಗಿ ಮೂಡಿತ್ತು.

ತೊಗರಿ ಕಣಜ, ಕಲಬುರಗಿ

ತಂಗೀ, ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಅವಳಿಗೆ ಓಡಿತ್ತು. ನಾವು ಸೋತವರ ಲೆಕ್ಕಕ್ಕೆ ಸೇರಿಸಿಕೊಂಡೆವು. ವಿಂಡೋಸಿನ ಆ ಹಳೆಯ ಕಪ್ಪು ಕಿಟಕಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ ಎಂಬುದು ನಮಗೆ ಮೊದಲ ತಿಂಗಳಿನಿಂದ ಗೊತ್ತು. ಗೊತ್ತಿದ್ದರಿಂದಲೇ ಅದು ನಮ್ಮ ಕಣ್ಣಿಗೆ ಬೀಳುವುದು ನಿಂತಿತ್ತು. ನಾವೆಲ್ಲ ಉಬುಂಟು ಎಂಬ ಲಿನಕ್ಸಿನಲ್ಲಿ ಕೆಲಸ ಮಾಡುತ್ತೇವೆ, ಕಮ್ಮಟಕ್ಕೆ ಬಂದವರಲ್ಲಿ ಒಂಬತ್ತು ಜನರ ಬಳಿ ಇದ್ದದ್ದು ವಿಂಡೋಸ್. ಆ ನೋಟ್‌ಬುಕ್ಕಿನ ಪುಟದ ಚಿತ್ರ ತೆಗೆದು ಕಳಿಸಲು ಆಗುತ್ತದೆಯೇ? ಹೊಸ ಬರಹವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾಗಿಣಾ, ಸೇಡಂ

ಒಂದು ಭಿನ್ನ ಮಾತು. ಇಷ್ಟೆಲ್ಲ ಬರೆಯುವ ಬದಲು ಒಂದು ವಿಡಿಯೋ ಮಾಡಿ ಹಾಕಿದರೆ ಮುಗಿಯಲಿಲ್ಲವೇ? ಈಗಿನ ಹುಡುಗರು ಓದುವುದಕ್ಕಿಂತ ನೋಡುವುದೇ ಹೆಚ್ಚು.

ಭೀಮಾ ತೀರ, ಯಾದಗಿರಿ

ಅಣ್ಣಾ, ನಾನು ಈಗಿನ ಹುಡುಗಿಯೇ. ವಿಡಿಯೋ ನೋಡಲು ಮೊಬೈಲ್, ಟೈಪು ಮಾಡಲು ಲ್ಯಾಪ್‌ಟಾಪ್. ಆ ಲ್ಯಾಪ್‌ಟಾಪಿಗೆ ಅದೇ ಮೊಬೈಲಿನಿಂದ ಹಾಟ್‌ಸ್ಪಾಟ್. ನಮ್ಮೂರಿನಲ್ಲಿ ಮಧ್ಯಾಹ್ನ ನೆಟ್‌ವರ್ಕ್ ಒಂದು ಗೆರೆ ಮೇಲೆ ಏರುವುದಿಲ್ಲ. ವಿಡಿಯೋದಲ್ಲಿರುವ ಆಜ್ಞೆಯನ್ನು ನಕಲು ಮಾಡಿಕೊಳ್ಳಲು ಬರುವುದಿಲ್ಲ, ನಿಲ್ಲಿಸಿ ನಿಲ್ಲಿಸಿ ಒಂದೊಂದೇ ಅಕ್ಷರ ನೋಡಿ ಬರೆದುಕೊಳ್ಳಬೇಕು. ಪುಟವಾದರೆ ಒಮ್ಮೆ ತೆರೆದಿಟ್ಟುಕೊಂಡರೆ ಆಯಿತು.

ಬಿದರಿ ಉಳಿ, ಬೀದರ್

ಅವಳ ಮಾತಿಗೆ ಒಂದು ಸೇರಿಸುತ್ತೇನೆ. ತಂತ್ರಾಂಶದಲ್ಲಿ ಒಂದು ಆಜ್ಞೆ ಬದಲಾದರೆ ಪುಟದಲ್ಲಿ ಒಂದು ಸಾಲು ತಿದ್ದಿದರೆ ಸಾಕು. ವಿಡಿಯೋವನ್ನು ಮತ್ತೆ ಚಿತ್ರೀಕರಿಸಬೇಕು. ಯಾರೂ ಮಾಡುವುದಿಲ್ಲ, ಹಳೆಯ ವಿಡಿಯೋ ವರ್ಷಗಟ್ಟಲೆ ಜನರ ದಾರಿ ತಪ್ಪಿಸುತ್ತಾ ಇರುತ್ತದೆ. ಎರಡು ನಿಮಿಷದ ಪರಿಚಯಕ್ಕೆ ಮಾತ್ರ ವಿಡಿಯೋ ಒಳ್ಳೆಯದು.

ವಾಡಿ ಜಂಕ್ಷನ್

ನನ್ನ ಪ್ರಶ್ನೆ ಇನ್ನೂ ಬುಡದ್ದು. ಮಠದ ಕಚೇರಿಯಲ್ಲಿ ಕೂತು ತತ್ವಪದ ಉಳಿಸುವವರು ಪೈಥಾನ್ ಏಕೆ ಹಾಕಿಕೊಳ್ಳಬೇಕು? ಎರಡು ಬಾರಿ ಒತ್ತಿದರೆ ತೆರೆಯುವ ಒಂದೇ ಕಡತ ಮಾಡಿಕೊಡಿ. ಹತ್ತು ಹೆಜ್ಜೆಯನ್ನು ಚೆನ್ನಾಗಿ ವಿವರಿಸುವುದಕ್ಕಿಂತ ಆರು ಹೆಜ್ಜೆಯನ್ನು ತೆಗೆದು ಹಾಕುವುದು ಮೇಲಲ್ಲವೇ? ವಿವರಿಸಲು ಕಷ್ಟವಾಗುವ ಜಾಗವೆಲ್ಲ ತಂತ್ರಾಂಶದಲ್ಲೇ ರಿಪೇರಿ ಬೇಕಾದ ಜಾಗ ಎಂಬುದು ನನ್ನ ಅನುಭವ.

ತೊಗರಿ ಕಣಜ, ಕಲಬುರಗಿ

ಒಪ್ಪುತ್ತೇನೆ. ವಿಂಡೋಸ್‌ಗೆ ಅಂಥದ್ದೊಂದು ಕಡತ ಮಾಡುವ ಕೆಲಸವನ್ನು ನಿನ್ನೆಯೇ ಹಂಚಿಕೊಂಡೆವು. ಆದರೆ ಕಮ್ಮಟಕ್ಕೆ ಬಂದವರು ಬಳಸಲು ಮಾತ್ರ ಬಂದವರಲ್ಲ, ನಮ್ಮ ಜೊತೆ ತಂತ್ರಾಂಶ ಕಟ್ಟಲು ಬಂದವರು. ಹಳೆಯ ಅಕ್ಷರಶೈಲಿಗಳು ಹಲವು, ಪ್ರತಿಯೊಂದಕ್ಕೂ ಯಾವ ಗುರುತು ಯೂನಿಕೋಡಿನ ಯಾವ ಅಕ್ಷರ ಎಂಬ ಒಂದು ಪಟ್ಟಿ ಬರೆಯಬೇಕು. ಅದಕ್ಕೆ ಕೋಡ್ ತೆರೆದು ಓಡಿಸುವ ಕೈಗಳು ಬೇಕು. ಇಬ್ಬರಿಗೂ ಒಂದೇ ಪುಟದಲ್ಲಿ ಉಣಬಡಿಸಲು ಹೋದದ್ದು ನಮ್ಮ ಇನ್ನೊಂದು ತಪ್ಪು ಎಂದು ಈಗ ಕಾಣುತ್ತಿದೆ. ಬಾಗಿಲಲ್ಲೇ ಕೇಳಿಬಿಡುತ್ತೇವೆ: ಕಡತ ಪರಿವರ್ತಿಸಿಕೊಳ್ಳಲು ಬಂದಿರೋ, ತಂತ್ರಾಂಶ ಬೆಳೆಸಲು ಬಂದಿರೋ? ಅಲ್ಲಿಂದ ಎರಡು ದಾರಿ.

ಶಹಾಪುರದ ಮೇಷ್ಟ್ರು

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಮ್ಮಟಕ್ಕೆ ಬರಲಾಗಲಿಲ್ಲ, ಪುಟ ಮಾತ್ರ ಓದಿದೆ. ಅದರ ಕನ್ನಡದ ಬಗ್ಗೆ ಹೇಳಬೇಕಾದದ್ದಿದೆ. ‘ಆದೇಶ ಪಂಕ್ತಿ’, ‘ಕಡತಕೋಶ’, ‘ಅವಲಂಬನೆಗಳು’ ಎಂದೆಲ್ಲ ಬರೆದಿದ್ದೀರಿ. ಕನ್ನಡದ ಮೇಲಿನ ನಿಮ್ಮ ಅಕ್ಕರೆ ನನಗೆ ಅರ್ಥವಾಗುತ್ತದೆ. ಆದರೆ ಹುಡುಗ ಪರದೆಯಲ್ಲಿ ‘ಕಡತಕೋಶ’ವನ್ನು ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ಬರೆದಿರುವುದು ಫೋಲ್ಡರ್ ಎಂದು. ಹಾಗೆಂದು ಇಡೀ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು ಕೊನೆಗೆ ‘ಮಾಡಿ’ ಎಂದು ಸೇರಿಸಿದರೂ ಆಗದು. ಗೆರೆ ಎಲ್ಲಿ ಎಳೆಯುತ್ತೀರಿ?

ಬಿದರಿ ಉಳಿ, ಬೀದರ್

ಮೇಷ್ಟ್ರೇ, ನಾನು ಪಾಲಿಸುವ ಕಟ್ಟಳೆ ಇದು. ಪರದೆಯ ಮೇಲೆ ಇರುವ ಪದ ಪರದೆಯ ಮೇಲಿದ್ದ ಹಾಗೆಯೇ ಇರಬೇಕು, ಅದೇ ಲಿಪಿಯಲ್ಲಿ, ಅದೇ ದೊಡ್ಡ ಸಣ್ಣ ಅಕ್ಷರಗಳಲ್ಲಿ. ಬೆರಳಿಗೆ ಏನು ಮಾಡಬೇಕು, ಕಣ್ಣಿಗೆ ಏನು ಕಾಣಬೇಕು ಎಂದು ಹೇಳುವುದೆಲ್ಲ ಕನ್ನಡದಲ್ಲಿ. ಒತ್ತಿ, ತೆರೆಯಿರಿ, ಕಾಯಿರಿ, ಮುಚ್ಚಿ, ಈ ಸಾಲು ಕಾಣುತ್ತದೆ, ಇದು ಕಾಣದಿದ್ದರೆ ಹೀಗೆ ಮಾಡಿ. ನಿಮ್ಮ ತರಗತಿಯ ಹುಡುಗರಿಗೆ ಹೇಳುವ ಮಾತು ಹೇಗಿರುತ್ತದೆಯೋ ಹಾಗೆ. ‘ಅವಲಂಬನೆಗಳು’ ಎನ್ನುವ ಬದಲು ‘ಈ ತಂತ್ರಾಂಶ ಓಡಲು ಬೇಕಾಗುವ ಇತರ ತುಣುಕುಗಳು’ ಎಂದು ಮೊದಲ ಬಾರಿ ಬರೆದರೆ ಉದ್ದವಾದರೂ ಎಲ್ಲರಿಗೂ ತಿಳಿಯುತ್ತದೆ.

ಇನ್ನೊಂದು ಬೇಡಿಕೆ. ‘ಸುಲಭವಾಗಿ’, ‘ಕೇವಲ’, ‘ಅಷ್ಟೇ’, ‘ಎಲ್ಲರಿಗೂ ತಿಳಿದಿರುವಂತೆ’, ಈ ಪದಗಳನ್ನು ಪುಟದಿಂದ ಹುಡುಕಿ ತೆಗೆಯಿರಿ. ನಿಮ್ಮ ಪುಟದಲ್ಲಿ ‘ಕೇವಲ ಈ ಆಜ್ಞೆ ಕೊಟ್ಟರೆ ಆಯಿತು’ ಎಂದು ಮೂರು ಕಡೆ ಇದೆ. ಓಡಿದವರಿಗೆ ಆ ಪದದಿಂದ ಲಾಭವಿಲ್ಲ. ಓಡದೆ ಕೂತವರಿಗೆ ಅದು ಚುಚ್ಚುತ್ತದೆ. ಜೇವರ್ಗಿಯ ಹುಡುಗನ ಮಾತು ಅಲ್ಲಿಂದಲೇ ಹುಟ್ಟಿದ್ದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಶಹಾಪುರದ ಮೇಷ್ಟ್ರು

ಇದು ಮನಸ್ಸಿಗೆ ಒಪ್ಪುವ ಕಟ್ಟಳೆ. ಕರಡು ಸಿದ್ಧವಾದಾಗ ಕಳಿಸಿ, ಭಾಷೆಯನ್ನು ನಾನು ನೋಡಿಕೊಡುತ್ತೇನೆ.

ತೊಗರಿ ಕಣಜ, ಕಲಬುರಗಿ

ನಾಲ್ಕು ರಾತ್ರಿ ಕೂತು ಕರಡು ಬರೆದಿದ್ದೇನೆ. ತಂತ್ರಾಂಶ ಬೆಳೆಸಲು ಬಂದವರ ದಾರಿ, ಅದರಲ್ಲೂ ವಿಂಡೋಸ್ ಮಾತ್ರ. ಉಬುಂಟುವಿಗೆ ಬೇರೆ ಪುಟ. ಒಂದೇ ಪುಟದಲ್ಲಿ ‘ವಿಂಡೋಸ್ ಆದರೆ ಹೀಗೆ, ಲಿನಕ್ಸ್ ಆದರೆ ಹಾಗೆ’ ಎಂದು ಬರೆದರೆ ಓದುವವರು ಪ್ರತಿ ಹೆಜ್ಜೆಗೂ ಕವಲಿನಲ್ಲಿ ನಿಲ್ಲಬೇಕಾಗುತ್ತದೆ. ಈ ಚರ್ಚೆಗಾಗಿ ಆಜ್ಞೆಗಳನ್ನು ಕನ್ನಡ ಅಕ್ಷರಗಳಲ್ಲಿ ಹೇಳುತ್ತಿದ್ದೇನೆ, ಪುಟದಲ್ಲಿ ಅವು ಟೈಪು ಮಾಡಬೇಕಾದ ಹಾಗೆಯೇ ಇವೆ.

ತಲೆಯಲ್ಲಿ ಇಷ್ಟು ಬರೆದಿದೆ: ‘ಈ ಪುಟ ಮುಗಿಯುವ ಹೊತ್ತಿಗೆ ಐದು ಸಾಲಿನ ಒಂದು ಹಳೆಯ ಕಡತ ನಿಮ್ಮ ಲ್ಯಾಪ್‌ಟಾಪಿನಲ್ಲಿ ಯೂನಿಕೋಡ್ ಕನ್ನಡವಾಗಿರುತ್ತದೆ. ಮೊದಲ ಬಾರಿಗೆ ಸುಮಾರು ಒಂದು ಗಂಟೆ ಬೇಕು. ಕೋಡ್ ಬರೆಯಲು ಬರದಿದ್ದರೂ ನಡೆಯುತ್ತದೆ. ಇಂಟರ್ನೆಟ್ ಎರಡನೇ ಮತ್ತು ನಾಲ್ಕನೇ ಹೆಜ್ಜೆಗೆ ಮಾತ್ರ ಬೇಕು.’

ಮೊದಲ ಹೆಜ್ಜೆ ಫೋಲ್ಡರ್. ‘ಸಿ ಡ್ರೈವಿನ ಒಳಗೆ ಇಂಥ ಹೆಸರಿನ ಫೋಲ್ಡರ್ ಮಾಡಿ. ಹೆಸರಿನ ನಡುವೆ ಜಾಗ ಬಿಡಬೇಡಿ.’ ಇದು ಕಮ್ಮಟದಲ್ಲಿ ಕಂಡದ್ದು: ಒಬ್ಬರು ‘ನನ್ನ ಕಡತಗಳು’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದರು. ಎರಡು ಪದಗಳ ನಡುವೆ ಜಾಗ ಇದ್ದುದರಿಂದ ಆಜ್ಞೆ ‘ನನ್ನ’ ಎಂಬಲ್ಲಿಗೇ ನಿಂತಿತು.

ಎರಡನೆಯದು ಪೈಥಾನ್. ಆ ಸಣ್ಣ ಚೌಕದ ಚಿತ್ರ ಹಾಕಿ ಸುತ್ತ ಕೆಂಪು ಗೆರೆ ಎಳೆದಿದ್ದೇನೆ. ಇಡೀ ಪುಟದಲ್ಲಿ ಇರುವ ಚಿತ್ರ ಅದೊಂದೇ. ಮೂರನೆಯದು ಕಮಾಂಡ್ ಪ್ರಾಂಪ್ಟ್ ತೆರೆಯುವುದು. ಪವರ್‌ಶೆಲ್ ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದೇನೆ, ಏಕೆಂದರೆ ನಮ್ಮ ಪರಿಸರವನ್ನು (ಈ ತಂತ್ರಾಂಶದ ತುಣುಕುಗಳನ್ನು ಬೇರೆಯಾಗಿ ಇಡುವ ಪೈಥಾನಿನ ಜಾಗ) ಚಾಲೂ ಮಾಡುವ ಕಡತವನ್ನು ಹಲವು ಗಣಕಗಳಲ್ಲಿ ಅದು ಓಡಲು ಬಿಡುವುದಿಲ್ಲ, ‘ಸ್ಕ್ರಿಪ್ಟ್‌ಗಳನ್ನು ಇಲ್ಲಿ ತಡೆಯಲಾಗಿದೆ’ ಎಂಬ ಅರ್ಥದ ಸಂದೇಶ ಕೊಡುತ್ತದೆ. ಹಾಗೆಯೇ ಪೈಥಾನಿನ ಆವೃತ್ತಿ ಕೇಳುವ ಆಜ್ಞೆ, ಅದರ ಕೆಳಗೆ ‘ಪೈಥಾನ್ 3 ಎಂದು ಶುರುವಾಗುವ ಒಂದು ಸಾಲು ಕಂಡರೆ ಮುಂದೆ ಹೋಗಿ. ಆ್ಯಪ್ ಅಂಗಡಿ ತೆರೆದುಕೊಂಡರೆ, ಇಲ್ಲವೇ ಪೈಥಾನ್ ಸಿಗಲಿಲ್ಲ ಎಂಬ ಅರ್ಥದ ಸಂದೇಶ ಬಂದರೆ, ಎರಡನೇ ಹೆಜ್ಜೆಗೆ ಹಿಂದಿರುಗಿ, ಚೌಕಕ್ಕೆ ಗುರುತು ಹಾಕಿದ್ದೀರೋ ನೋಡಿ.’

ನಾಲ್ಕರಲ್ಲಿ ಬೇಕಾದ ತುಣುಕುಗಳನ್ನು ಇಳಿಸಿಕೊಳ್ಳುವುದು. ಐದರಲ್ಲಿ ಮಾದರಿ ಕಡತವನ್ನು ಪರಿವರ್ತಿಸುವುದು. ಆರರಲ್ಲಿ: ‘ಕಪ್ಪು ಕಿಟಕಿಯಲ್ಲಿ ಚೌಕಗಳು ಕಾಣುತ್ತವೆ. ಅದು ತಪ್ಪಲ್ಲ, ಆ ಕಿಟಕಿಗೆ ಕನ್ನಡ ತೋರಿಸಲು ಬರುವುದಿಲ್ಲ. ಫೋಲ್ಡರಿಗೆ ಹೋಗಿ ಹೊಸ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೊದಲ ಸಾಲಿನಲ್ಲಿ ಕರ್ನಾಟಕ ಎಂದು ಕಾಣಬೇಕು.’

ಡಾಲರ್ ಚಿಹ್ನೆ ಎಲ್ಲಿಯೂ ಇಲ್ಲ. ಪ್ರತಿ ಆಜ್ಞೆಯೂ ಬೇರೆ ಪೆಟ್ಟಿಗೆಯಲ್ಲಿದೆ, ಅದರ ಕೆಳಗೆ ಏನು ಕಾಣಬೇಕು ಎಂಬುದು ಇನ್ನೊಂದು ಬಣ್ಣದ ಪೆಟ್ಟಿಗೆಯಲ್ಲಿದೆ.

ವಾಡಿ ಜಂಕ್ಷನ್

ಇದು ಬೇರೆಯೇ ಪುಟ. ನಾಲ್ಕನೇ ಹೆಜ್ಜೆಯ ಇಂಟರ್ನೆಟ್ ಬಗ್ಗೆ ಒಂದು ಸಲಹೆ. ಕಮ್ಮಟದಲ್ಲಿ ಹನ್ನೊಂದು ಮಂದಿ ಒಂದೇ ಹಾಟ್‌ಸ್ಪಾಟಿನಿಂದ ಒಂದೇ ತುಣುಕುಗಳನ್ನು ಹನ್ನೊಂದು ಬಾರಿ ಇಳಿಸಿಕೊಳ್ಳುವುದು ಏಕೆ? ಪೈಥಾನಿನ ತುಣುಕುಗಳನ್ನು ಇಳಿಸಿಕೊಡುವ ಪಿಪ್‌ನಲ್ಲಿ ಎಲ್ಲವನ್ನೂ ಒಂದು ಫೋಲ್ಡರಿಗೆ ಇಳಿಸಿ ಇಟ್ಟುಕೊಳ್ಳುವ ಆಜ್ಞೆ ಇದೆ. ಆಮೇಲೆ ಇಂಟರ್ನೆಟ್ಟಿಗೆ ಹೋಗದೆ ಆ ಫೋಲ್ಡರಿನಿಂದಲೇ ಸ್ಥಾಪಿಸು ಎಂದು ಹೇಳಬಹುದು. ಪೈಥಾನಿನ ಸ್ಥಾಪಕ, ಆ ಫೋಲ್ಡರ್, ನಿಮ್ಮ ಕೋಡ್, ಈ ಪುಟ, ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಕೈಯಿಂದ ಕೈಗೆ ದಾಟಿಸಿ. ಒಂದು ಎಚ್ಚರಿಕೆ, ಇಳಿಸಿಕೊಂಡ ಗಣಕದ ಪೈಥಾನ್ ಆವೃತ್ತಿಯೂ ಸ್ಥಾಪಿಸುವ ಗಣಕದ ಆವೃತ್ತಿಯೂ ಒಂದೇ ಇರಲಿ. ಬೇರೆಯಾದರೆ ಕೆಲವು ತುಣುಕುಗಳು ಹೊಂದಿಕೊಳ್ಳುವುದಿಲ್ಲ.

ಭೀಮಾ ತೀರ, ಯಾದಗಿರಿ

ಸರ್, ಆ ಪುಟವನ್ನು ದಯವಿಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಬರಹವಾಗಿ ಅಂಟಿಸಬೇಡಿ, ವರ್ಡ್ ಕಡತ ಮಾಡಿಯೂ ಕಳಿಸಬೇಡಿ. ನಮ್ಮ ಗೆಳತಿ ವರ್ಡ್‌ಗೆ ಹಾಕಿಕೊಂಡಿದ್ದಳು. ಅದು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸಿತು, ಎರಡು ಅಡ್ಡಗೆರೆಗಳನ್ನು ಕೂಡಿಸಿ ಒಂದು ಉದ್ದ ಗೆರೆ ಮಾಡಿತು. ನೋಡಲು ಎರಡೂ ಒಂದೇ ಥರ. ಆಜ್ಞೆ ಮಾತ್ರ ಓಡಲಿಲ್ಲ. ಪುಟದ ಕೊಂಡಿ ಕೊಟ್ಟರೆ ಸಾಕು.

ಕಾಗಿಣಾ, ಸೇಡಂ

ವಿಡಿಯೋ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಕರಡು ಓದಿದ ಮೇಲೆ ಅದರ ಅಗತ್ಯ ಕಾಣಲಿಲ್ಲ. ಆದರೆ ಒಂದು ಸಂಶಯ ಉಳಿದಿದೆ. ‘ಅರೇಬಿಕ್ ಅಂಕಿಗಳು ಕೆಲವೊಮ್ಮೆ ಕೆಡುತ್ತವೆ’, ‘ಒಂದು ಕಡತದಲ್ಲಿ ಎರಡು ಅಕ್ಷರಶೈಲಿ ಇದ್ದರೆ ಪರಿವರ್ತನೆ ಸರಿಯಾಗುವುದಿಲ್ಲ’ ಎಂದು ಪುಟದ ಕೊನೆಯಲ್ಲಿ ಬರೆದಿದ್ದೀರಿ. ಹೊಸಬರಿಗೆ ಮೊದಲ ದಿನವೇ ನಮ್ಮ ಕೊರತೆ ತೋರಿಸಿದರೆ ನಂಬಿಕೆ ಹೋಗುವುದಿಲ್ಲವೇ?

ಬಿದರಿ ಉಳಿ, ಬೀದರ್

ನಂಬಿಕೆ ಹುಟ್ಟುವುದು ಅಲ್ಲಿಂದಲೇ. ಲಿನಕ್ಸಿಗೆ ಮಾದರಿಯಾದ ಹಳೆಯ ಕಾರ್ಯಾಚರಣೆ ವ್ಯವಸ್ಥೆ ಯುನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್ 3ರ ತಾರೀಖು ಹೊತ್ತಿದೆ. ಒಂದೊಂದು ಆಜ್ಞೆಗೆ ಒಂದೊಂದು ಪುಟ, ಹೆಸರು, ಬಳಸುವ ರೀತಿ, ವಿವರ ಎಂದು ತಲೆಬರಹಗಳು. ಅವುಗಳಲ್ಲಿ ‘ಬಗ್ಸ್’ ಎಂಬುದೂ ಒಂದು. ಈ ಆಜ್ಞೆಯಲ್ಲಿ ಇಂಥ ದೋಷ ಇದೆ ಎಂದು ಅದನ್ನು ಕಟ್ಟಿದವರೇ ಆ ಜಾಗದಲ್ಲಿ ಬರೆದು ಅಚ್ಚು ಹಾಕಿಸಿದರು. ಆ ಪದ್ಧತಿ ಇವತ್ತಿಗೂ ಮ್ಯಾನ್ ಪುಟಗಳೆಂಬ ಆಜ್ಞೆಗಳ ಕೈಪಿಡಿಯಲ್ಲಿ ನಡೆದುಕೊಂಡು ಬಂದಿದೆ. ಕೊರತೆ ಗೊತ್ತಿಲ್ಲದೆ ಮಠದ ಅರವತ್ತು ಪುಟ ಪರಿವರ್ತಿಸಿ, ನಡುವೆ ಕೆಟ್ಟದ್ದನ್ನು ಆರು ತಿಂಗಳ ಮೇಲೆ ಕಂಡವರು ಮತ್ತೆ ನಮ್ಮ ಕಡೆ ತಿರುಗಿ ನೋಡುವುದಿಲ್ಲ.

ಅಣ್ಣಾ, ಕರಡಿನ ಬಗ್ಗೆ ನನ್ನ ಮಾತು ಒಂದೇ. ಇದನ್ನು ಇನ್ನು ಓದಿ ತಿದ್ದುವುದು ನಿಲ್ಲಿಸಿ. ಹೊಸಬರೊಬ್ಬರ ಮುಂದೆ ಇಟ್ಟು ಹಿಂದೆ ಕುಳಿತುಕೊಳ್ಳಿ. ಬಾಯಿ ಬಿಡಬೇಡಿ. ಇದು ಬಹಳ ಕಷ್ಟದ ಕೆಲಸ, ನಾಲಿಗೆಯ ತುದಿಗೆ ಉತ್ತರ ಬಂದಿರುತ್ತದೆ. ನೀವು ಒಂದು ಮಾತು ಹೇಳಿಕೊಟ್ಟರೆ ಆ ಮಾತು ಪುಟದಲ್ಲಿ ಇಲ್ಲ ಎಂಬುದು ಮರೆತುಹೋಗುತ್ತದೆ. ಅವರ ಕೈ ಎಲ್ಲಿ ನಿಂತಿತು, ಯಾವ ಸಾಲನ್ನು ಎರಡು ಬಾರಿ ಓದಿದರು, ಎಲ್ಲಿ ಪುಟ ಬಿಟ್ಟು ಗೂಗಲ್‌ಗೆ ಹೋದರು ಎಂದು ಮಾತ್ರ ಬರೆದುಕೊಳ್ಳಿ. ನಾನು ಬರೆದ ಪುಟಗಳಲ್ಲಿ ಈ ಪರೀಕ್ಷೆ ಇಲ್ಲದೆ ಸರಿಯಾಗಿ ನಿಂತದ್ದು ಒಂದೂ ಇಲ್ಲ.

ತೊಗರಿ ಕಣಜ, ಕಲಬುರಗಿ

ಮಾಡಿದೆ. ಜೇವರ್ಗಿಯ ಆ ಹುಡುಗನ ಊರಿಗೇ ಹೋದೆ. ಅವನಿಗೆ ಇಷ್ಟವಿದ್ದರೆ ಮಾತ್ರ ಎಂದು ಫೋನಿನಲ್ಲಿ ಕೇಳಿದ್ದೆ, ಬನ್ನಿ ಎಂದ. ಅವರ ಮನೆಯ ಪಡಸಾಲೆಯಲ್ಲಿ ಕೂತೆವು. ಅವನ ತಾಯಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ನಾನು ಅವನ ಹಿಂದೆ, ಕೈಯಲ್ಲಿ ನೋಟ್‌ಬುಕ್.

ಎರಡನೇ ಹೆಜ್ಜೆ ಕಷ್ಟವಿಲ್ಲದೆ ದಾಟಿತು. ಮೂರರಲ್ಲಿ ನಿಂತ. ‘ಕಮಾಂಡ್ ಪ್ರಾಂಪ್ಟಿನಲ್ಲಿ ನಿಮ್ಮ ಫೋಲ್ಡರಿಗೆ ಹೋಗಿ’ ಎಂದು ಬರೆದಿದ್ದೆ. ಅವನು ಮೌಸ್ ಹಿಡಿದು ಫೋಲ್ಡರನ್ನು ತೆರೆದ. ಸರಿಯಾಗಿಯೇ ಮಾಡಿದ, ನಾನು ‘ಹೋಗಿ’ ಎಂದೆ, ಅವನು ಹೋದ. ಕಪ್ಪು ಕಿಟಕಿ ಇನ್ನೂ ಬೇರೆ ಕಡೆ ನಿಂತಿತ್ತು. ಆ ಕಿಟಕಿಗೂ ತಾನು ನಿಂತ ಜಾಗ ಎಂಬುದೊಂದಿದೆ, ಅದನ್ನು ಆಜ್ಞೆ ಕೊಟ್ಟು ಸರಿಸಬೇಕು ಎಂಬುದು ನನಗೆ ಎಷ್ಟು ರೂಢಿಯಾಗಿದೆ ಎಂದರೆ ಅದನ್ನು ಹೇಳಬೇಕು ಎಂದೇ ಹೊಳೆದಿರಲಿಲ್ಲ. ಏಳು ನಿಮಿಷ ಅವನು ಒದ್ದಾಡಿದ. ನಾನು ತುಟಿ ಕಚ್ಚಿಕೊಂಡು ಕೂತೆ. ಕೊನೆಗೆ ಅವನೇ ಒಂದು ಉಪಾಯ ಕಂಡುಕೊಂಡ. ಫೋಲ್ಡರ್ ಕಿಟಕಿಯ ಮೇಲ್ಭಾಗದ ವಿಳಾಸದ ಪಟ್ಟಿಯಲ್ಲಿ ಸಿಎಂಡಿ ಎಂದು ಟೈಪು ಮಾಡಿ ಎಂಟರ್ ಒತ್ತಿದ. ಕಪ್ಪು ಕಿಟಕಿ ನೇರ ಆ ಫೋಲ್ಡರಿನಲ್ಲೇ ತೆರೆಯಿತು. ಯಾರೋ ಗೆಳೆಯ ಹಿಂದೊಮ್ಮೆ ತೋರಿಸಿದ್ದನಂತೆ. ನನ್ನ ದಾರಿಗಿಂತ ಅದು ಹತ್ತು ಪಾಲು ಮೇಲು. ಮೂರನೇ ಹೆಜ್ಜೆಯನ್ನು ಅವನ ಮಾತಿನಲ್ಲೇ ಮತ್ತೆ ಬರೆದಿದ್ದೇನೆ.

ಐದನೇ ಹೆಜ್ಜೆಯಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯೂ ನಿಲ್ಲಲಿಲ್ಲ. ಒಂದು ಗಂಟೆಯ ಮೇಲೆ ಬಂದಾಗ ಎಲ್ಲಿಂದ ಮುಂದುವರಿಸಬೇಕು ಎಂದು ಪುಟದಲ್ಲಿ ಇರಲಿಲ್ಲ. ಪರಿಸರವನ್ನು ಮತ್ತೆ ಚಾಲೂ ಮಾಡದೆ ಆಜ್ಞೆ ಕೊಟ್ಟ, ತುಣುಕು ಸಿಗುತ್ತಿಲ್ಲ ಎಂಬ ದೋಷ ಬಂತು. ನಮ್ಮ ಕಡೆ ಇದು ದಿನನಿತ್ಯದ ಮಾತು, ಆದರೂ ನನಗೆ ಹೊಳೆದಿರಲಿಲ್ಲ. ‘ನಡುವೆ ನಿಲ್ಲಿಸಿ ಮತ್ತೆ ಬಂದರೆ’ ಎಂಬ ಮೂರು ಸಾಲು ಈಗ ಸೇರಿವೆ.

ನೋಟ್‌ಪ್ಯಾಡಿನಲ್ಲಿ ‘ಕರ್ನಾಟಕ’ ಮೂಡಿದಾಗ ಅವನು ತಾಯಿಯನ್ನು ಕರೆದು ತೋರಿಸಿದ. ಆಮೇಲೆ ನನ್ನನ್ನು ಕೇಳಿದ್ದು, ‘ಸರ್, ಅರ್ಕಾವೊತ್ತು ಮೊದಲು ಹಿಂದೆ ಇತ್ತಲ್ಲ, ಅದನ್ನು ಮುಂದೆ ಹೇಗೆ ತರುತ್ತದೆ?’ ನಮ್ಮ ವಿವರಣೆಯ ಪುಟವನ್ನು ತೆರೆದುಕೊಟ್ಟೆ. ಮೂರೂ ಪರದೆ ಓದಿದ.

ಶಹಾಪುರದ ಮೇಷ್ಟ್ರು

ಇದನ್ನು ಓದಿ ಬಹಳ ಸಂತೋಷವಾಯಿತು. ಪುಟವನ್ನು ಮುಂದೆ ಹಳತಾಗದಂತೆ ನೋಡಿಕೊಳ್ಳುವವರು ಯಾರು? ಶಾಲೆಯ ಸೂಚನಾ ಫಲಕದಲ್ಲಿ ಕಳೆದ ವರ್ಷದ ವೇಳಾಪಟ್ಟಿ ಉಳಿದ ಹಾಗೆ ಆಗಬಾರದು.

ತೊಗರಿ ಕಣಜ, ಕಲಬುರಗಿ

ಪುಟವನ್ನು ಕೋಡ್ ಇರುವ ಭಂಡಾರದಲ್ಲೇ ಇಟ್ಟಿದ್ದೇವೆ. ಆಜ್ಞೆ ಬದಲಿಸಿದವರು ಅದೇ ತಿದ್ದುಪಡಿಯಲ್ಲಿ ಪುಟವನ್ನೂ ಬದಲಿಸಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂದು ನಾಲ್ವರೂ ಒಪ್ಪಿದ್ದೇವೆ. ತಲೆಯಲ್ಲಿ ಕೊನೆಯ ಬಾರಿ ಯಾವ ದಿನ, ಯಾವ ವಿಂಡೋಸ್, ಯಾವ ಪೈಥಾನ್ ಆವೃತ್ತಿಯಲ್ಲಿ ಇಡೀ ಪುಟವನ್ನು ನಡೆದು ನೋಡಿದ್ದೇವೆ ಎಂದು ಬರೆದಿದೆ. ಹೊಸದಾಗಿ ತಂಡಕ್ಕೆ ಬರುವವರ ಮೊದಲ ಕೆಲಸ ಈ ಪುಟವನ್ನು ನಡೆದು, ಎಡವಿದ ಜಾಗವನ್ನು ತಾವೇ ತಿದ್ದುವುದು. ಎಡವಿದ 24 ಗಂಟೆಯೊಳಗೆ ಬರೆಯಬೇಕು, ಆಮೇಲೆ ಅವರಿಗೂ ರೂಢಿಯಾಗಿಬಿಡುತ್ತದೆ.

ಭೀಮಾ ತೀರ, ಯಾದಗಿರಿ

ಸರ್, ಇವತ್ತು ಬೆಳಿಗ್ಗೆ ಹೊಸ ಪುಟ ಹಿಡಿದು ಮೊದಲಿನಿಂದ ಮಾಡಿದೆ. ಹಳೆಯದನ್ನೆಲ್ಲ ಅಳಿಸಿ ಶುರು ಮಾಡಿದ್ದೆ. ಐವತ್ತು ನಿಮಿಷ ಹಿಡಿಯಿತು, ಯಾರನ್ನೂ ಕೇಳಲಿಲ್ಲ. ಒಂದೇ ಕಡೆ ನಿಂತೆ: ಆರನೇ ಹೆಜ್ಜೆಯಲ್ಲಿ ‘ಹೊಸ ಕಡತವನ್ನು ತೆರೆಯಿರಿ’ ಎಂದಿದೆ, ಹೊಸ ಕಡತದ ಹೆಸರು ಹೇಳಿಲ್ಲ. ಫೋಲ್ಡರಿನಲ್ಲಿ ಎರಡು ಕಡತಗಳಿದ್ದವು, ನಾನು ಮೊದಲು ಹಳೆಯದನ್ನೇ ತೆರೆದೆ. ಹೆಸರು ಸೇರಿಸಿ ತಿದ್ದುಪಡಿ ಕಳಿಸಿದ್ದೇನೆ. ಇದು ನನ್ನ ಮೊದಲ ತಿದ್ದುಪಡಿ, ಕಳಿಸಿದ ರೀತಿ ಸರಿ ಇದೆಯೋ ನೋಡಿ. ಸುರಪುರದಿಂದ ಇಬ್ಬರು ಗೆಳತಿಯರು ನಾಳೆ ನಮ್ಮ ಮನೆಗೆ ಬರುತ್ತಿದ್ದಾರೆ, ಪೆನ್‌ಡ್ರೈವಿಗೆ ಎಲ್ಲವನ್ನೂ ಹಾಕಿಟ್ಟಿದ್ದೇನೆ. ನಾನು ಹಿಂದೆ ಕೂರುತ್ತೇನೆ.